ಹನ್ನೊಂದು ಸಲ ಓಕೆ

ಮೊದಲ ದಿನ ಕಂಪ್ಯೂಟರಿನಲ್ಲಿ ಒಂದೇ ಸಂದೇಶ ಬಂದಿತ್ತು ಎಂದು ಬರೆದು ಹೊಡೆದುಹಾಕಿದೆ. ಮೊದಲ ದಿನ ನಾನು ಅಲ್ಲಿರಲಿಲ್ಲ. ಅಪ್ಪ ಹೇಳಿದ್ದನ್ನೇ ಕಣ್ಣಾರೆ ಕಂಡವನಂತೆ ಇಷ್ಟು ವರ್ಷ ಹೇಳಿಕೊಂಡು ತಿರುಗಿದ್ದೇನೆ. ನೆನಪಿಗೆ ನಾಚಿಕೆ ಕಡಿಮೆ.

ತೊಂಬತ್ತರ ದಶಕದ ನಡುವಿನ ಮಾತು. ನಮ್ಮ ಮನೆ ಅಕ್ಕಲಕೋಟದಲ್ಲಿ. ಅಪ್ಪ ದಿನಾ ಎಸ್‌ಟಿ ಬಸ್ಸು ಹಿಡಿದು ಸೊಲ್ಲಾಪುರದ ಎಂಐಡಿಸಿ ಕೈಗಾರಿಕಾ ಪ್ರದೇಶಕ್ಕೆ, ಒಂದು ಚಾದರ ಕಾರ್ಖಾನೆಗೆ ಹೋಗುತ್ತಿದ್ದ. ಮಗ್ಗದ ಮೇಲೆ ಹದಿನೈದು ವರ್ಷ ದುಡಿದು ಆಮೇಲೆ ನಕ್ಷೆಗಾರನಾದವನು. ಗ್ರಾಫ್ ಕಾಗದದ ಚೌಕಗಳಿಗೆ ಬಣ್ಣ ತುಂಬಿ ಹೂವು, ಬಳ್ಳಿ ಬರೆದುಕೊಟ್ಟರೆ ಮಗ್ಗ ಅದನ್ನು ನೇಯುತ್ತಿತ್ತು. ಒಂದು ದಿನ ಕಾರ್ಖಾನೆಯ ಮಾಲೀಕ ಸೇಠ ಕಂಪ್ಯೂಟರ್ ತಂದ. ಅದಕ್ಕೊಂದು ಗಾಜಿನ ಕೋಣೆ, ಎಸಿ, ಬಾಗಿಲಲ್ಲೇ ಚಪ್ಪಲಿ ಬಿಡಬೇಕೆಂಬ ಬೋರ್ಡು. ಹೊರಗೆ ಮಗ್ಗದವರು ಬೆವರಿ ನೀರಾಗಲಿ, ಯಂತ್ರಕ್ಕೆ ಸೆಕೆ ಆಗಬಾರದು.

ಐವತ್ತು ದಾಟಿದ ಅಪ್ಪ ಮೌಸ್ ಹಿಡಿಯಲು ಕಲಿತ. ಕಲಿಯದೆ ಗತಿ ಇರಲಿಲ್ಲ. ಸೇಠನ ಅಳಿಯ ಪುಣೆಯಲ್ಲಿ ಮೂರು ತಿಂಗಳ ಕೋರ್ಸು ಮುಗಿಸಿ, ಅಷ್ಟಕ್ಕೇ ದಣಿದವನಂತೆ ಮಾವನ ಮನೆಯಲ್ಲಿ ವಿಶ್ರಾಂತಿ ಪಡೆಯುತ್ತಿದ್ದ. ಆ ಎಸಿ ಕೋಣೆಯ ಕುರ್ಚಿ ಅವನಿಗೆ ಬೇಕಿತ್ತು. ಪರದೇಶದ ಗಿರಾಕಿಯೊಬ್ಬ ಗೋಡೆಗೆ ತೂಗುಹಾಕುವ ನವಿಲು ಕೇಳಿದ್ದ. "ಮಾಸ್ತರ, ನವಿಲು ಕಂಪ್ಯೂಟರ್‌ನ್ಯಾಗ ಮುಗಿಸಿದ್ರಿ ಅಂದ್ರ ಕುರ್ಚಿ ನಿಮದು. ಇಲ್ಲಂದ್ರ ಜಾವಯಿಬಾಪು ಅದಾರ," ಎಂದು ಸೇಠ ಅಳಿಯನ ಮಾತೆತ್ತಿ ನಗುತ್ತಲೇ ಹೇಳಿದ. (ಅದು ನವಿಲಲ್ಲ, ಗಿಳಿ ಎನ್ನುತ್ತಾಳೆ ಅವ್ವ. ಇರಬಹುದು. ನಾನು ನವಿಲನ್ನೇ ಇಟ್ಟುಕೊಳ್ಳುತ್ತೇನೆ. ಹಾಳಾಗುವುದಕ್ಕೆ ಅದರಲ್ಲಿ ಹೆಚ್ಚು ಜಾಗವಿದೆ.)

ಆಗ ನಾನು ಅಕ್ಕಲಕೋಟದ ಒಂದು ಕಂಪ್ಯೂಟರ್ ಕ್ಲಾಸಿನ ವಿದ್ವಾಂಸ. ಹನ್ನೆರಡು ವಿದ್ವಾಂಸರ ನಡುವೆ ಆಟದ ಫ್ಲಾಪಿ ಒಂದೇ. ಅದು ಜೇಬಿನಿಂದ ಜೇಬಿಗೆ ಓಡಾಡುತ್ತಿತ್ತು. ನನಗೆ ರಜೆಯಿದ್ದ ದಿನ ಅಪ್ಪನ ಜತೆ ಕಾರ್ಖಾನೆಗೆ ಹೋದವನು, ಅವನು ಚಹಾಕ್ಕೆ ಎದ್ದಾಗ ಆ ಫ್ಲಾಪಿಯನ್ನು ಸೇಠನ ಯಂತ್ರದೊಳಗೆ ತುರುಕಿದೆ. ಹತ್ತು ನಿಮಿಷ ಆಡಿದೆ. ಸೋತೆ.

ಆಮೇಲೆ ದಿನಾ ಬೆಳಿಗ್ಗೆ ಯಂತ್ರ ಚಾಲೂ ಮಾಡಿದೊಡನೆ ಪರದೆಯ ಮೇಲೆ ಚೌಕಟ್ಟುಗಳು ಎದ್ದು ನಿಲ್ಲತೊಡಗಿದವು: ಇಂಥ ಫೈಲು ಸಿಗುತ್ತಿಲ್ಲ, ಅಂಥ ಫೈಲು ಕೆಟ್ಟಿದೆ. ಪ್ರತಿಯೊಂದರ ಕೆಳಗೂ ಓಕೆ ಎಂಬ ಗುಂಡಿ. ಅಪ್ಪ ಎಂಟರ್ ಒತ್ತುತ್ತಿದ್ದ. ಚೌಕಟ್ಟು ಹೋಗುತ್ತಿತ್ತು, ಇನ್ನೊಂದು ಬರುತ್ತಿತ್ತು. ಮತ್ತೆ ಎಂಟರ್.

"ಯಾಕ ಬರ್ತಾವ ಅಂತ ಯಾರನ್ನರೆ ಕೇಳ್ರಿ," ಎಂದಳು ಅವ್ವ, ಮನೆಯಲ್ಲಿ ಅಪ್ಪ ಇದನ್ನು ಹೇಳಿದಾಗ.

"ಎಳಿ ಹರದ್ರ ಗಂಟು ಹಾಕೂದು, ಮುಂದ ಹೋಗೂದು. ಯಾಕ ಹರೀತು ಅಂತ ಕೇಳಕೋತ ನಿಂತ್ರ ಮಗ್ಗ ನಿಲ್ತದ," ಎಂದ ಅಪ್ಪ.

ಹದಿನೈದು ವರ್ಷ ಅವನ ಬೆರಳು ಕಲಿತದ್ದು ಅದನ್ನೇ. ಸಂದೇಶಗಳು ನಾಲ್ಕಾದವು, ಏಳಾದವು. ಊಟದ ಹೊತ್ತಿಗೆ ಮಗ್ಗದವರು ಗಾಜಿಗೆ ಮೂಗು ಒತ್ತಿ ಕೇಳುತ್ತಿದ್ದರು:

"ಮಾಸ್ತರ, ಇವತ್ತ ಎಷ್ಟು ಹರದಾವ?"

"ಏಳು."

"ಏಳ? ನಮ್ಮ ಮಗ್ಗಕ್ಕಿಂತ ಶಾಣ್ಯಾ ಅದ ಬಿಡ್ರಿ!"

ಈ ಹೊತ್ತಿಗೆ ನನ್ನ ಕ್ಲಾಸಿನ ಯಂತ್ರ ಕೂಡ ಮಲಗಿತ್ತು. ಫ್ಲಾಪಿಯಲ್ಲಿ ವೈರಸ್ ಇದೆ ಎಂದು ಕ್ಲಾಸಿನ ಸರ್ ನಮ್ಮ ಕಿವಿ ಹಿಂಡಿದ್ದರು. ಅಂದರೆ ನನಗೆ ಎಲ್ಲ ಗೊತ್ತಿತ್ತು. ಮನೆಯಲ್ಲಿ ಬಾಯಿ ಬಿಡಲಿಲ್ಲ. ಬಿಡಬೇಕೆಂದುಕೊಂಡೆ ಎಂದು ಬರೆದರೆ ಚೆನ್ನಾಗಿ ಕಾಣುತ್ತದೆ, ಅದಕ್ಕೆ ಬರೆಯುವುದಿಲ್ಲ.

ಹನ್ನೊಂದು ಸಂದೇಶ ಬಂದ ದಿನ ಅಪ್ಪ ಹನ್ನೊಂದನ್ನೂ ಒತ್ತಿ ನವಿಲನ್ನು ತೆರೆದ. ಕುತ್ತಿಗೆಯವರೆಗೆ ನವಿಲಿತ್ತು. ಅದರ ಕೆಳಗೆ ಯಾರೋ ರಂಗೋಲಿ ಡಬ್ಬಿ ಒದ್ದಂತೆ ಬಣ್ಣದ ಚುಕ್ಕಿ.

ಸೇಠ ಪೇಟೆಯಿಂದ ರಿಪೇರಿಯವನನ್ನು ಕರೆಸಿದ. ಅಪ್ಪನ ಊಟದ ಡಬ್ಬಿ ತಂದಿದ್ದ ನಾನೂ ಬಾಗಿಲಲ್ಲಿ ನಿಂತಿದ್ದೆ.

"ಮಾಸ್ತರ, ಮೂರು ವಾರದಿಂದ ಇದು ಒದರಾಕತ್ತದ. ಓದಿಲ್ಲೇನು?" ಎಂದ ರಿಪೇರಿಯವ.

"ಇಂಗ್ಲಿಷ್ ಇತ್ತು."

"ಮತ್ತ ಒತ್ತಿದ್ದು ಏನಂತ?"

"ಓಕೆ ಅಂತಿತ್ತು. ಒತ್ತಿನಿ."

ಸೇಠನ ಜತೆ ಬಂದಿದ್ದ ಅಳಿಯ ಹೊಟ್ಟೆ ಹಿಡಿದು ನಕ್ಕ. "ಕಾಕಾ, ಇದು ಮಗ್ಗ ಅಲ್ರಿ!"

"ಹೊರಗಿನ ಫ್ಲಾಪಿ ಹಾಕ್ಯಾರ ಯಾರೋ," ಎಂದ ರಿಪೇರಿಯವ. ಸೇಠ ಸುತ್ತ ನೋಡಿದ. ನಾನು ಎಸಿಯ ಕಂಪನಿ ಹೆಸರನ್ನು ಬಹಳ ಶ್ರದ್ಧೆಯಿಂದ ಓದತೊಡಗಿದೆ.

"ಈ ಕೋಣ್ಯಾಗ ಕೂಡಾಂವ ನಾನೊಬ್ಬನರಿ," ಎಂದ ಅಪ್ಪ.

ಅಷ್ಟಕ್ಕೆ ಕುರ್ಚಿ ಅಳಿಯನದಾಯಿತು. ಅಪ್ಪ ಮಗ್ಗಗಳ ಪಕ್ಕದ ಹಳೆಯ ಮೇಜಿಗೆ ಹೋಗಿ, ಗ್ರಾಫ್ ಕಾಗದ ಹಾಸಿ ನವಿಲನ್ನು ಮೊದಲಿನಿಂದ ಬರೆದ. ಅಳಿಯ ಅದನ್ನು ಎದುರಿಗಿಟ್ಟುಕೊಂಡು ಚೌಕ ಚೌಕವಾಗಿ ಯಂತ್ರಕ್ಕೆ ತುಂಬಿದ, ತಪ್ಪಿದಲ್ಲೆಲ್ಲ ಗಾಜಿನೊಳಗಿಂದಲೇ "ಕಾಕಾ!" ಎಂದು ಕೂಗಿದ. ಅಪ್ಪ ಚಪ್ಪಲಿ ಬಿಟ್ಟು ಒಳಗೆ ಹೋಗಿ ತಿದ್ದಿ ಬಂದ.

ಕೆಲವು ತಿಂಗಳ ಮೇಲೆ ನವಿಲಿನ ಗಿರಾಕಿಯ ಇಂಗ್ಲಿಷ್ ಪತ್ರ ಬಂತು. ಸೇಠ ಅದನ್ನು ಗಾಜಿಗೆ ಅಂಟಿಸಿದ. ಆ ವಾರ ನಾನು ಹೋದಾಗ ಅಪ್ಪ ನನ್ನನ್ನು ಅದರ ಮುಂದೆ ನಿಲ್ಲಿಸಿದ. ಹಿಂದೆ ಇಬ್ಬರು ಮಗ್ಗದವರು.

"ಓದು. ಏನ್ ಬರದಾನ?"

ನಿಮ್ಮ ಹೊಸ ಕಂಪ್ಯೂಟರ್‌ಗೂ ಅದನ್ನು ನಡೆಸುವ ಜಾಣ ತರುಣನಿಗೂ ಅಭಿನಂದನೆ, ಎಂದಿತ್ತು.

"ನಕ್ಷಿ ಬರದಾಂವನ ಕೈ ಭಾಳ ಛಲೋ ಅದ ಅಂತ ಬರದಾನ," ಎಂದೆ.

ಮಗ್ಗದವನೊಬ್ಬ ಅಪ್ಪನ ಬೆನ್ನು ತಟ್ಟಿದ. ಅಪ್ಪ ಕನ್ನಡಕ ಸರಿಮಾಡಿಕೊಂಡು ಮುಂದೆ ಬಾಗಿದ.

"ಎಲ್ಲಿ ಅದ? ತೋರಸು."

ಕೆಳಗಿನ ಒಂದು ಸಾಲಿನ ಮೇಲೆ ಬೆರಳಿಟ್ಟೆ. ಮುಂದಿನ ಸಲ ಪೆಟ್ಟಿಗೆಗಳಿಗೆ ಹಗ್ಗ ಬಿಗಿಯಾಗಿ ಕಟ್ಟಿ ಕಳಿಸಿ ಎಂದಿತ್ತು ಅಲ್ಲಿ. ಅಪ್ಪ ಆ ಸಾಲನ್ನು ಎಡದಿಂದ ಬಲಕ್ಕೆ, ಒಂದೊಂದೇ ಅಕ್ಷರದ ಮೇಲೆ ಬೆರಳು ಸರಿಸುತ್ತ, ಕೊನೆಯವರೆಗೂ ನೋಡಿದ.