ಡಿಫೆಂಡರ್‌ಗಳ ಮುಂದಿನ ಜಾಗ

ನಮ್ಮ ಗಾಳಿಬೀಡಿನ ಫುಟ್‌ಬಾಲ್ ತಂಡದಲ್ಲಿ ನನ್ನ ಜಾಗ ಡಿಫೆಂಡರ್‌ಗಳ ಮುಂದೆ, ಮೈದಾನದ ನಡುವೆ. ಗೋಲು ಹೊಡೆಯುವ ಕೆಲಸವಲ್ಲ. ಎದುರಿನವರು ಚೆಂಡು ತಂದಾಗ ಅಡ್ಡ ನಿಲ್ಲುವುದು, ಕಿತ್ತುಕೊಂಡು ಹತ್ತಿರದವನಿಗೆ ಕೊಡುವುದು, ಅಷ್ಟೇ. ವಾರವೆಲ್ಲ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್, ರಜೆಯ ದಿನ ಇದು. ಇಂಥ ಆಟಕ್ಕೆ ಚಪ್ಪಾಳೆ ತಟ್ಟುವವರು ಕಡಿಮೆ. ನಮ್ಮ ಗೋಲ್‌ಕೀಪರ್ ಒಬ್ಬ ಮಾತ್ರ, "ನೀನು ಮುಂದೆ ನಿಂತ್ರೆ ನಂಗೆ ಕೆಲ್ಸವೇ ಇಲ್ಲೆ ಮಾರಾಯ" ಎನ್ನುತ್ತಿದ್ದ.

ನಾನು ನಲವತ್ತು ದಾಟಿದ ಮೇಲೆ ಅವನಿಗೆ ಕೆಲಸ ಹೆಚ್ಚಾಯಿತು.

ಮೊದಮೊದಲು ನಾನು ಒಪ್ಪಲಿಲ್ಲ. ಬೂಟು ಸರಿಯಿಲ್ಲ ಎಂದೆ, ನೆಲ ಜಾರುತ್ತದೆ ಎಂದೆ. ಚೆಂಡು ಎಲ್ಲಿಗೆ ಬರುತ್ತದೆಂದು ಮುಂಚೆಯೇ ಗೊತ್ತಾಗುತ್ತಿತ್ತು, ಕಾಲು ಮಾತ್ರ ಅಲ್ಲಿಗೆ ಹೊತ್ತಿಗೆ ಸರಿಯಾಗಿ ತಲುಪುತ್ತಿರಲಿಲ್ಲ. ಮಡಿಕೇರಿಯ ಒಂದು ಪಂದ್ಯದಲ್ಲಿ ಎದುರು ತಂಡದ ಕಾಲೇಜು ಹುಡುಗನೊಬ್ಬ ಮತ್ತೆ ಮತ್ತೆ ನನ್ನನ್ನು ದಾಟಿ ಹೋದ. ಕೊನೆಗೆ ಅವನ ಅಂಗಿ ಹಿಡಿದೆಳೆದೆ, ಇಬ್ಬರೂ ಬಿದ್ದೆವು. ರೆಫರಿ ಹಳದಿ ಕಾರ್ಡ್ ತೋರಿಸುತ್ತಿದ್ದಾಗ ಅವನೇ ನನ್ನನ್ನು ಕೈಹಿಡಿದು ಎಬ್ಬಿಸಿ, "ಅಂಕಲ್, ಪೆಟ್ಟಾಯ್ತಾ?" ಎಂದ. ಕಾರ್ಡಿಗಿಂತ ಆ 'ಅಂಕಲ್' ಹೆಚ್ಚು ನೋಯಿಸಿತು.

ಮುಂದಿನ ಅಭ್ಯಾಸದ ದಿನ, ತಂಡ ನೋಡಿಕೊಳ್ಳುವ ನಿವೃತ್ತ ಪಿ.ಟಿ. ಮಾಸ್ತರರು ನನ್ನ ಜಾಗದಲ್ಲಿ ಬೇರೆಯವನನ್ನು ನಿಲ್ಲಿಸಿದರು. ಅಸ್ಸಾಮಿನಿಂದ ಕಾಫಿ ಎಸ್ಟೇಟಿನ ಕೆಲಸಕ್ಕೆ ಬಂದಿದ್ದ ಯುವಕ. ಸುಸ್ತೆಂದರೇನೆಂದು ತಿಳಿಯದವನಂತೆ ಓಡುತ್ತಿದ್ದ. ನಾನು ಬೂಟು ಬಿಚ್ಚಿ ಮನೆಗೆ ನಡೆದೆ.

"ಎಂಥ, ಇಷ್ಟು ಬೇಗ?" ಎಂದಳು ಹೆಂಡತಿ.

"ಇನ್ನು ಆಡ್ಲಿಕ್ಕೆ ಹೋಗುದಿಲ್ಲೆ."

"ಮತ್ತೆ ಮನೇಲಿ ಕುದ್ದು ಎಂಥ ಮಾಡ್ದು? ಟಿ.ವಿ.ಲಿ ಬೇರೆವ್ರ ಆಟ ನೋಡಿ ಬೈತಾ ಇರ್ದಾ?"

ಕೆಲವು ಭಾನುವಾರ ಹಾಗೆಯೇ ಬೈಯುತ್ತ ಕಳೆದೆ. ಒಂದು ಬೆಳಿಗ್ಗೆ ಮಾಸ್ತರರು ನನ್ನ ಬಸ್ಸು ಹತ್ತಿದರು. ಟಿಕೆಟ್ ಕೊಡುವಾಗ ನಾನು ಮುಖ ನೋಡಲಿಲ್ಲ.

"ಆ ಅಸ್ಸಾಮಿನ ಹುಡ್ಗ ಚೆಂಡು ಹೋದಲ್ಲೆಲ್ಲ ಹೋಗ್ತಾನೆ," ಎಂದರು ಅವರು. "ಹಿಂದೆ ಗದ್ದೆಯಷ್ಟು ಜಾಗ ಖಾಲಿ. ನೀನು ಪಕ್ಕ ನಿಂತು ಹೇಳು, ಅವ್ನು ಓಡ್ಲಿ."

"ಅವನಿಗೆ ಕನ್ನಡ ಬರೂದಿಲ್ಲ, ನನಗೆ ಹಿಂದಿ ಬರೂದಿಲ್ಲ ಸಾರ್."

"ಟೂರಿಸ್ಟುಗಳಿಗೆ ದಿನಾ 'ಪೀಛೇ ಜಾವ್, ಪೀಛೇ ಜಾವ್' ಅಂತ ಕಿರುಚ್ತೀಯಲ್ಲ, ಅಷ್ಟು ಸಾಕು."

ಹಿಂದಿನ ಸೀಟಿನವರೆಲ್ಲ ನಕ್ಕರು. ನನಗೂ ನಗು ತಡೆಯಲಾಗಲಿಲ್ಲ.

ಮರುಭಾನುವಾರ ಮೈದಾನಕ್ಕೆ ಹೋದೆ. ನಾನು "ಪೀಛೇ!" ಎಂದು ಕೂಗಿದೊಡನೆ ಆ ಯುವಕ ಹಿಂದಕ್ಕೆ ಓಡಿಬಂದ. ಆಟ ನಿಂತಾಗ ನೀರಿನ ಬಾಟಲಿಯನ್ನು ಮೊದಲು ನನಗೇ ಚಾಚಿ, "ಲೋ ದಾದಾ" ಎಂದ, ತಗೋ ಅಣ್ಣ ಎನ್ನುವಂತೆ. ಅವನ ಮೇಲೆ ಇಟ್ಟುಕೊಂಡಿದ್ದ ಸಿಟ್ಟು ಅಲ್ಲಿಗೆ ಮುಗಿಯಿತು. ನಾನು ಅವನಿಗೆ 'ನಿಲ್ಲು', 'ಬಿಡು' ಕಲಿಸಿದೆ. ಎದುರಿನವನ ಕಾಲು ನೋಡಬೇಡ, ಸೊಂಟ ತಿರುಗುವುದನ್ನು ನೋಡು ಎಂಬುದನ್ನು ನನ್ನ ಸೊಂಟವನ್ನೇ ತಿರುಗಿಸಿ ತೋರಿಸಬೇಕಾಯಿತು. ಗೋಲ್‌ಕೀಪರ್ ಕಂಬ ಹಿಡಿದುಕೊಂಡು ನಕ್ಕ.

ನಂತರದ ಪಂದ್ಯದಲ್ಲಿ ಮಾಸ್ತರರು ದ್ವಿತೀಯಾರ್ಧದಲ್ಲಿ ನನ್ನನ್ನೂ ಮೈದಾನಕ್ಕೆ ಇಳಿಸಿದರು. ನಾವು ಒಂದು ಗೋಲು ಮುಂದಿದ್ದೆವು. ಎದುರಿನವರು ಮೈಮೇಲೆ ಬೀಳುತ್ತಿದ್ದರು. ಅವರ ಆಟಗಾರ ಎಡಕ್ಕೆ ಹೋಗುವಂತೆ ತೋರಿಸಿದ, ನಮ್ಮವನು ಅತ್ತ ನೆಗೆಯಲಿದ್ದ. "ನಿಲ್ಲು!" ಎಂದೆ. ನಿಂತ. ಚೆಂಡು ನೇರ ಅವನ ಕಾಲಿಗೇ ಬಂತು. ಅವನು ನನಗೆ ಕೊಟ್ಟ, ನಾನು ಪಕ್ಕದವನಿಗೆ ಕೊಟ್ಟೆ. ಕೊನೆಯ ಸೀಟಿಯವರೆಗೂ ಹೀಗೇ ನಡೆಯಿತು. ಗೆದ್ದೆವು.

ಪೂರ್ತಿ ಪಂದ್ಯ ಆಡಲು ಈಗ ಮೈ ಕೇಳುವುದಿಲ್ಲ. ಆಡಿದ ಮರುದಿನ ಬಸ್ಸಿನ ಮೆಟ್ಟಿಲು ಹತ್ತುವಾಗ ಮೊಣಕಾಲು ಗೊಣಗುತ್ತದೆ. ಬರುವ ತಿಂಗಳು ಆ ಯುವಕ ಊರಿನಿಂದ ತಮ್ಮನನ್ನೂ ಕರೆತರುತ್ತಾನಂತೆ. ಅವನೂ ಚೆನ್ನಾಗಿ ಓಡುತ್ತಾನಂತೆ. ಬರಲಿ ಎಂದಿದ್ದೇನೆ.