ಮಾಗಡಿಯಲ್ಲಿ ಕೂತು ಚನ್ನಪಟ್ಟಣದ ಕಂಪ್ಯೂಟರ್ ತಟ್ಟಿದ್ದು

ಊರಿಗೆ ಹೊರಟಾಗ ಬಾಗಿಲಿಗೆ ಬೀಗ ಹಾಕಿ, ಎರಡು ಸಲ ಎಳೆದು ನೋಡಿ, ಬಸ್‌ಸ್ಟ್ಯಾಂಡಿನವರೆಗೂ ಹೋಗಿ, ಅಲ್ಲಿಂದ ವಾಪಸ್ ಬಂದು ಮೂರನೇ ಸಲ ಎಳೆದು ನೋಡುವ ಪೈಕಿ ನಾನು. ಮನೆ ಎಂಬುದು ನಾನಿಲ್ಲದಾಗ ಏನೋ ಒಂದು ಕಿತಾಪತಿ ಮಾಡಿಕೊಳ್ಳುತ್ತದೆ ಎಂಬ ಗುಮಾನಿ ನನಗೆ ಮೊದಲಿನಿಂದಲೂ ಇದೆ. ಹೀಗಿರುವಾಗ, ಊರಲ್ಲಿಲ್ಲದಾಗಲೂ ಇಂಟರ್ನೆಟ್ಟಿನ ಮೂಲಕ ಮನೆಯ ಕಂಪ್ಯೂಟರಿನೊಳಗೆ ಇಣುಕಬಹುದು, ಅದರಲ್ಲಿರುವ ಕಡತಗಳನ್ನು ಕೂತಲ್ಲೇ ತೆಗೆಯಬಹುದು ಎಂದು ಯಾರೋ ಹೇಳಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ.

ನಾನು ಚನ್ನಪಟ್ಟಣದ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ಆಗ ಬ್ರಾಡ್‌ಬ್ಯಾಂಡ್ ನಮ್ಮ ಬೀದಿಗೆ ಬಂದ ಹೊಸತು. ಹಳೆಯ ಕಂಪ್ಯೂಟರೊಂದನ್ನು ನಡುಮನೆಯ ಮೂಲೆಯಲ್ಲಿ ಕೂರಿಸಿ, ಹಗಲೂ ರಾತ್ರಿ ಆರಿಸಬಾರದೆಂದು ಅಪ್ಪಣೆ ಮಾಡಿ, ಅದಕ್ಕೆ 'ಸರ್ವರ್' ಎಂದು ನಾಮಕರಣ ಮಾಡಿದೆ. ಅದನ್ನು ಹೊರಗಿನಿಂದ ಮಾತಾಡಿಸಲು ಕಲಿಯುವುದಕ್ಕೆ ಮೂರು ವಾರ ಹಿಡಿಯಿತು. ಬ್ರಾಡ್‌ಬ್ಯಾಂಡಿನ ಪೆಟ್ಟಿಗೆ ಒಮ್ಮೆ ಆರಿ ಹತ್ತಿದರೆ ಸಾಕು, ಇಂಟರ್ನೆಟ್ಟಿನಲ್ಲಿ ನಮ್ಮ ಮನೆಯ ನಂಬರೇ ಬದಲಾಗಿಬಿಡುತ್ತಿತ್ತು. ದಿನಕ್ಕೆರಡು ಸಲ ಕರೆಂಟು ಹೋಗುವ ಊರಲ್ಲಿ ಮನೆಯೇ ದಿನಕ್ಕೆರಡು ಸಲ ಬೀದಿ ಬದಲಾಯಿಸಿದ ಹಾಗೆ! ನಂಬರು ಎಷ್ಟು ಸಲ ಬದಲಾದರೂ ಮನೆ ಒಂದೇ ಹೆಸರಿಗೆ ಓಗೊಡುವಂತೆ ಮಾಡಿ ಅದಕ್ಕೂ ಒಂದು ಉಪಾಯ ಕಂಡುಕೊಂಡೆ. ಮೊದಲೆಲ್ಲ ಊರಿಗೆ ಹೋಗುವವರು ಪಕ್ಕದ ಮನೆಯಲ್ಲಿ ಬೀಗದ ಕೈ ಕೊಟ್ಟು, ಅವರ ಮರ್ಜಿಯಲ್ಲಿರಬೇಕಿತ್ತು. ಇನ್ನು ನನಗೆ ಯಾವ ಪಕ್ಕದ ಮನೆಯೂ ಬೇಡ ಎಂದು ಒಳಗೊಳಗೇ ಬೀಗಿದೆ.

ಆ ಸರ್ವರಿನಲ್ಲಿ ನನ್ನದೆಂದು ಹೇಳುವಂಥ ಘನವಾದದ್ದೇನೂ ಇರಲಿಲ್ಲ. ಇದ್ದದ್ದು ನಯಾಜನದು. ನಮ್ಮ ಬೀದಿಯ ಕೊನೆಯಲ್ಲಿ ಬೊಂಬೆ ಕಡೆಯುವ ಲೇತ್ ಶೆಡ್ ಇಟ್ಟಿರುವ ಗೆಳೆಯ ಅವನು. ಅವನ ತಂದೆ ಹಾಲೆ ಮರದಲ್ಲಿ ಕಡೆದ ಗಿಲಕಿ, ಬುಗುರಿ, ಕುದುರೆಗಾಡಿಗಳ ಮಾದರಿಗಳು ಒಂದು ಪೆಟ್ಟಿಗೆಯಲ್ಲಿದ್ದವು. ತಂದೆ ಹೋದ ಮೇಲೆ ಅವನ್ನು ಕೇಳುವವರಿಲ್ಲದಾಯಿತು. ಬೆಂಗಳೂರು ರಸ್ತೆಯುದ್ದಕ್ಕೂ ಫ್ಯಾಕ್ಟರಿಗಳೆದ್ದವು, ಅಂಗಡಿ ತುಂಬ ಪ್ಲಾಸ್ಟಿಕ್ ಬಂತು, ನಯಾಜ್ ಪರದೆಯ ಉಂಗುರ, ಮಣಿ ಕಡೆದು ಸಂಸಾರ ತೂಗಿಸತೊಡಗಿದ. ಒಂದು ದಿನ ಪೆಟ್ಟಿಗೆ ತೆಗೆದು ನೋಡಿದರೆ ಗೆದ್ದಲು! ನಾನು ಓಡಿಹೋಗಿ, ಉಳಿದದ್ದನ್ನೆಲ್ಲ ಕ್ಯಾಲಿಪರ್ ಹಿಡಿದು ಅಳೆದು, ಒಂದೊಂದರ ನಕ್ಷೆಯನ್ನೂ ಕಂಪ್ಯೂಟರಿನಲ್ಲಿ ಬರೆದಿಟ್ಟೆ. ಅಳೆದು ಮುಗಿಯುವಷ್ಟರಲ್ಲಿ ಮರ ಕೈಯಲ್ಲೇ ಪುಡಿಯಾಯಿತು. ಆಮೇಲೆ ಅವನ ತಂದೆಯ ಕೈಕೆಲಸ ಎಂದು ಉಳಿದದ್ದು ಆ ನಕ್ಷೆಗಳು ಮಾತ್ರ.

"ಒಂದ್ ಸೀಡಿಗೆ ಹಾಕ್ಕೊಡಿ ಮೇಷ್ಟ್ರೇ, ಮನೇಲಿಟ್ಕೊತೀನಿ" ಎಂದು ಅವನು ಎರಡು ಸಲ ಕೇಳಿದ್ದ. ಸೀಡಿಯ ಮೇಲೆ ಗೀರು ಬಿದ್ದರೆ ಕಥೆ ಮುಗಿಯಿತು, ಸರ್ವರಿನಲ್ಲಿದೆ ಎಂದರೆ ತಿಜೋರಿಯಲ್ಲಿದ್ದ ಹಾಗೆ ಎಂದು ನಾನು ದೊಡ್ಡ ಭಾಷಣ ಮಾಡಿ ಕಳಿಸಿದ್ದೆ.

ಆ ವರ್ಷ ದಸರಾ ರಜೆಯಲ್ಲಿ ಹೆಂಡತಿಯನ್ನು ಮನೆಯಲ್ಲಿ ಬಿಟ್ಟು ನಾನೊಬ್ಬನೇ ಮಾಗಡಿಗೆ, ತಂಗಿಯ ಮನೆಗೆ ಹೋದೆ. ಭಾವ ಹೊಸ ಟ್ರ್ಯಾಕ್ಟರ್ ತೆಗೆದುಕೊಂಡಿದ್ದರು. ಆಯುಧ ಪೂಜೆಗೆ ಬರಲೇಬೇಕೆಂದು ಕರೆದಿದ್ದರು. ಬೆಳಗ್ಗೆಯೇ ಟ್ರ್ಯಾಕ್ಟರಿಗೆ ಹಾರ ಹಾಕಿ, ಕುಂಬಳಕಾಯಿ ಒಡೆದು, ತಿಂಡಿಗೆ ಕೂತಿದ್ದಾಗ ನಯಾಜನ ಫೋನು ಬಂತು. ಬೆಂಗಳೂರಿನ ವ್ಯಾಪಾರಿಯೊಬ್ಬರು ಹಳೇ ಕಾಲದ ಬೊಂಬೆಗಳ ನಕ್ಷೆ ಕೇಳಿದ್ದಾರಂತೆ, ಎರಡು ದಿನದಲ್ಲಿ ಬೇಕಂತೆ. "ಎರಡು ದಿನ ಯಾಕಯ್ಯಾ, ಅರ್ಧ ಗಂಟೆ ಸಾಕು" ಎಂದು ಕೈ ತೊಳೆದು ಎದ್ದೆ.

ಪೇಟೆಯ ಸೈಬರ್ ಸೆಂಟರಿನ ಬಾಗಿಲಿಗೆ ಬಾಳೆಕಂದು ಕಟ್ಟಿದ್ದರು. "ಸಾಯಂಕಾಲ ನಮ್ ಪೂಜೆ, ಬೇಗ ಮುಗಿಸ್ಕೊಳಿ ಸಾರ್" ಎಂದ ಅದರ ಯಜಮಾನ. ನಾನು ಕೂತು ಮನೆಯ ವಿಳಾಸ ಒತ್ತಿದೆ. ಉತ್ತರವಿಲ್ಲ. ಮತ್ತೆ ಒತ್ತಿದೆ. ಇಲ್ಲ. ಕರೆಂಟು ಹೋಗಿರಬೇಕೆಂದು ಒಂದು ಗಂಟೆ ಬಿಟ್ಟು ನೋಡಿದೆ. ಊಹೂಂ. ಮನೆಯ ಫೋನು ಸುಮ್ಮನೆ ಬಡಿದುಕೊಂಡಿತು, ಎತ್ತುವವರಿಲ್ಲ. ಫೋನಿನ ತಂತಿ ಸರಿಯಿದೆ, ಆದರೆ ಕಂಪ್ಯೂಟರ್ ಮಾತಾಡುತ್ತಿಲ್ಲ. ಎಂದರೆ ಅದರ ಡಿಸ್ಕ್ ಹೋಗಿದೆ! ಹೋದ ವಾರ ಅದು ಕಿರ್ರ್ ಎಂದಿತ್ತಲ್ಲ! ನನ್ನ ಫೋಟೋ, ಪ್ರಶ್ನೆಪತ್ರಿಕೆ ಹಾಳಾಗಿ ಹೋಗಲಿ, ಸತ್ತವರ ಕೈಕೆಲಸವನ್ನು ಎರಡನೇ ಸಲ ಕಳೆದವನು ನಾನಾದೆನಲ್ಲ! ನಯಾಜನಿಗೆ ಫೋನು ಮಾಡಿ ತಡವರಿಸುತ್ತ ಹೇಳಿದೆ. ಅವನು ಬೈದಿದ್ದರೆ ಎಷ್ಟೋ ವಾಸಿಯಾಗುತ್ತಿತ್ತು. "ಅದೊಂದೇ ಇತ್ತು ಮೇಷ್ಟ್ರೇ" ಎಂದ.

ಮಧ್ಯಾಹ್ನ ಕೊನೆಗೂ ನನ್ನಾಕೆ ಜಯಮ್ಮ ಫೋನೆತ್ತಿದಳು. ಅಲ್ಲಿಯವರೆಗೆ ಅರಿಶಿನ ಕುಂಕುಮಕ್ಕೆಂದು ನಾಲ್ಕು ಮನೆ ತಿರುಗಿದ್ದಳು.

"ಏ, ಸರ್ವರ್ ನೋಡೇ, ಸತ್ತುಹೋಗಿದೆ!"

"ಬುಡ್ತು ಅನ್ನಿ! ಹಬ್ಬದ ದಿನ ಎಂಥ ಮಾತಾಡ್ತೀರಿ? ನಾನೇ ಆರ್ಸಿದ್ದು. ಪೂಜೆ ಮಾಡಿವ್ನಿ."

ಜಯಮ್ಮ ಕನಕಪುರದ ಕಡೆಯ ದೊಡ್ಡಆಲಹಳ್ಳಿಯವಳು. ಅವಳ ತವರಿನಲ್ಲಿ ಆಯುಧ ಪೂಜೆಯ ದಿನ ನೇಗಿಲಿನಿಂದ ಹಿಡಿದು ಈಳಿಗೆಮಣೆಯವರೆಗೆ ಎಲ್ಲಕ್ಕೂ ಬಿಡುವು. "ಪಾಪ, ತಂದಾಗ್ಲಿಂದ ಒಂದ್ ದಿನ ಕಣ್ಮುಚ್ಚಿಲ್ಲ ಅದು. ಒಸಿ ಮಲಗ್ಲಿ ಬುಡಿ" ಎಂದಳು. ಈಗಲೇ ಹಾಕೆಂದು ಗೋಗರೆದೆ. ನಾಳೆ ಬೆಳಗ್ಗೆ ಪೂಜೆ ಕದಲಿಸುವವರೆಗೂ ಮುಟ್ಟುವ ಹಾಗಿಲ್ಲ ಎಂದು ಫೋನಿಟ್ಟಳು. ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಸೈಬರ್ ಸೆಂಟರಿನ ಮೆಟ್ಟಿಲ ಮೇಲೆ ಕೂತು ಗಟ್ಟಿಯಾಗಿ ನಕ್ಕೆ. ಸದ್ಯ, ಸತ್ತಿಲ್ಲವಲ್ಲ! ಎದೆಯ ಮೇಲಿಂದ ಕಲ್ಲುಗುಂಡು ಇಳಿದ ಹಾಗಾಯಿತು. ಬೆಳಗ್ಗೆ ಟ್ರ್ಯಾಕ್ಟರಿನ ಮುಂದೆ ಕೈಮುಗಿದು, ಬಾಳೆಕಂದು ಸರಿಸಿಕೊಂಡು ಒಳಗೆ ಹೋಗಿಯೂ ಇದು ಹೊಳೆಯದ ನನ್ನ ತಲೆಗೆ ಏನನ್ನಬೇಕು?

ನಯಾಜನಿಗೆ ಹೇಳಿದಾಗ ಅವನು ಫೋನಿನಲ್ಲೇ ದೊಡ್ಡದಾಗಿ ಉಸಿರುಬಿಟ್ಟ. "ಯಾ ಅಲ್ಲಾ! ನಮ್ ಶೆಡ್ಡಲ್ಲೂ ಎಲ್ಲಾ ಮಿಷಿನ್ ಬಂದ್ ಮೇಷ್ಟ್ರೇ, ಕೆಲಸದವರು ಹೂ ಇಟ್ಟವ್ರೆ. ನಿಮ್ದೊಂದೇ ಯಾಕೆ ದುಡೀಬೇಕು?" ಎಂದ.

ಮರುದಿನ ಬೆಳಗ್ಗೆ ಜಯಮ್ಮ ಹೂ ತೆಗೆದು ಗುಂಡಿ ಒತ್ತಿದಳು. ಮಾಗಡಿಯ ಪರದೆಯ ಮೇಲೆ ಕುದುರೆಗಾಡಿ, ಗಿಲಕಿ, ಬುಗುರಿ ಒಂದೊಂದಾಗಿ ಬಂದು ನಿಂತವು. ವ್ಯಾಪಾರಿಗೆ ಕಳಿಸಿದೆ. ಊರಿಗೆ ಬಂದವನೇ ಮೂರು ಸೀಡಿ ಮಾಡಿ, ಕಾಗದದ ಮೇಲೂ ಅಚ್ಚು ತೆಗೆದು ನಯಾಜನ ಕೈಗಿಟ್ಟೆ.

ವ್ಯಾಪಾರಿ ಯೋಚನೆ ಮಾಡುತ್ತೇನೆ ಎಂದರಂತೆ. ನಯಾಜ್ ಅವರಿಗೆ ಕಾಯಲಿಲ್ಲ. ವಾರದೊಳಗೆ ಒಂದು ಕುದುರೆಗಾಡಿ ಕಡೆದು, ಅರಗಿನ ಬಣ್ಣ ಹಚ್ಚಿ ನನ್ನ ಮೇಜಿನ ಮೇಲೆ ತಂದಿಟ್ಟ. ನೂಕಿದರೆ ಚಕ್ರ ಒಂಚೂರು ವಾಲಾಡುತ್ತಿತ್ತು. "ಅಬ್ಬಾ ಮಾಡಿದ್ದು ನೆಟ್ಟಗೆ ಓಡ್ತಿತ್ತು" ಎಂದು ತಂದೆಯನ್ನು ನೆನೆದ. ನನ್ನ ನಕ್ಷೆಯೇ ತಪ್ಪೇನೋ ಎಂದು ಗಾಬರಿಯಾಗಿ ಕ್ಯಾಲಿಪರ್ ತೆಗೆದು ಅಳೆದೆ. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

"ಅಳತೆ ಎಲ್ಲಾ ಸರಿಯಾಗೇ ಐತೆ ಮೇಷ್ಟ್ರೇ. ಅಳತೆ ಅಬ್ಬಾದು, ಕೈ ನಂದು. ಇನ್ನೂ ನಾಕು ಮಾಡಿದ್ರೆ ಕೈಗೂ ಬರ್ತೈತೆ" ಎಂದು ನಕ್ಕು, ಎರಡನೆಯದಕ್ಕೆ ಮರ ಹುಡುಕಲು ಎದ್ದುಹೋದ.