ಧಾರೆ ಸೀರೆಯ ತೋರಣ

ನಮ್ಮವ್ವ ಕೂಡಾವಳಿ ಮಾಡಿಕೊಂಡು ಮಂಡ್ಯದಾಚೆಯ ದುದ್ದಕ್ಕೆ ಹೋದ ವರ್ಷವೇ ನಾನು ಮಳವಳ್ಳಿಯಲ್ಲಿ ಕೋಲಾಟ ಆಡಿದ್ದು. ಗಂಡ ಸತ್ತ ಹೆಂಗಸು ಇನ್ನೊಬ್ಬನ ಕೈಹಿಡಿಯುವುದಕ್ಕೆ ನಮ್ಮ ಕಡೆ ಕೂಡಾವಳಿ ಅನ್ನುತ್ತಿದ್ದರು. ಅದಕ್ಕೆ ಓಲಗವಿಲ್ಲ, ಚಪ್ಪರವಿಲ್ಲ. ಹಾಗೆ ಹೋಗುವವಳು ಮೊದಲ ಗಂಡನ ಮನೆಯದನ್ನೆಲ್ಲ ಅಲ್ಲೇ ಬಿಟ್ಟು ಹೋಗಬೇಕು. ಓಲೆ ಬಿಡಬೇಕು, ಕಡಗ ಬಿಡಬೇಕು, ಧಾರೆ ಸೀರೆ ಬಿಡಬೇಕು, ಹೆತ್ತ ಮಕ್ಕಳನ್ನೂ ಬಿಡಬೇಕು. ಹೆಂಡತಿ ಸತ್ತ ಗಂಡಸು ಮರುಮದುವೆಯಾದರೆ ಒಂದು ಹಿತ್ತಾಳೆ ಚೊಂಬನ್ನೂ ಯಾರಿಗೂ ಬಿಟ್ಟುಕೊಡಬೇಕಾಗಿರಲಿಲ್ಲ. ಈ ನ್ಯಾಯ ಮಾಡಿದವರು ಯಾರೋ ಕಾಣೆ, ಅವರ ಬಾಯಿಗೆ ಮಣ್ಣು ಹಾಕ.

ಅಪ್ಪ ನಾಲೆ ಬಯಲಿನ ಗದ್ದೆ ಕೆಲಸಕ್ಕೆ ಹೋಗಿ ಚಳಿಜ್ವರ ಹಿಡಿಸಿಕೊಂಡು ಬಂದು ಸತ್ತಾಗ ಅವ್ವನಿಗೆ ಇನ್ನೂ ಎಳೇ ವಯಸ್ಸು. ಕಿರುಗಾವಲಿನ ಮನೆಯಲ್ಲಿ ಉಳಿದವರು ಅಪ್ಪನನ್ನು ಹೆತ್ತ ಅಜ್ಜಿ, ಅವ್ವ ಮತ್ತು ನಾನು. ಸೋದರಮಾವ ಬಂದು ಬಂದು ಅವ್ವನ ತಲೆ ತಿಂದು ಕೂಡಾವಳಿಗೆ ಒಪ್ಪಿಸಿದ. ದುದ್ದದ ಆ ಮನುಷ್ಯನಿಗೆ ಹೆಂಡತಿ ತೀರಿಹೋಗಿದ್ದಳು, ಎಳೇ ಮಕ್ಕಳಿದ್ದವು. ಆ ತಬ್ಬಲಿಗಳಿಗೆ ತಾಯಿ ಬೇಕೆಂದು ನನ್ನನ್ನು ತಬ್ಬಲಿ ಮಾಡಿದರು. ಇದನ್ನು ನಾನು ಎಷ್ಟು ವರ್ಷವಾದರೂ ತಣ್ಣಗೆ ಹೇಳಲಾರೆ.

ಊರ ಯಜಮಾನರು ನಮ್ಮ ಜಗುಲಿಯ ಮೇಲೆ ಕೂತು ಮಾತು ಮುಗಿಸಿದರು. ಅಜ್ಜಿ ಬಾಗಿಲಲ್ಲಿ ನಿಂತು ಕಡ್ಡಿ ಮುರಿದ ಹಾಗೆ ಹೇಳಿದಳು.

"ಓಗೋಳು ಓಗ್ಲಿ. ಮಗು ನಮ್ದು. ಇನ್ಮ್ಯಾಕೆ ಇದು ನನ್ ಮಗ್ಳು ಅಂತ ಅವ್ಳು ಎಲ್ಲೂ ಬಾಯ್ಬುಡಕೂಡ್ದು. ಇದು ಅವ್ವ ಅಂತ ಕೂಗಿದ್ರೂ ಓಗೊಡಕೂಡ್ದು."

ಅವ್ವ ತಲೆ ಬಗ್ಗಿಸಿಕೊಂಡು "ಊಂ" ಅಂದಳು. ನಾನು ಕಂಬ ತಬ್ಬಿಕೊಂಡು ಎಲ್ಲವನ್ನೂ ಕೇಳಿದೆ. ನನ್ನನ್ನು ಅಲ್ಲಿಂದ ಆಚೆ ಕಳಿಸಬೇಕೆಂದು ಒಬ್ಬರಿಗೂ ತೋಚಲಿಲ್ಲ.

ಆಗ ನಮ್ಮ ಸ್ಕೂಲಿನಲ್ಲಿ ಮಹಾರಾಜರ ವರ್ಧಂತಿಗೆ ಹುಡುಗಿಯರ ಕೋಲಾಟದ ತಾಲೀಮು ನಡೆಯುತ್ತಿತ್ತು. ಆಟ ಮಳವಳ್ಳಿಯಲ್ಲಿ. ಯುದ್ಧದ ಕಾಲ, ಬಟ್ಟೆಯೆಲ್ಲ ಕಂಟ್ರೋಲು. ಮೈಸೂರಿನಿಂದ ಬಂದಿದ್ದ ಟೀಚರಮ್ಮ ಹೇಗೋ ಕೋರಾ ಬಟ್ಟೆ ಹೊಂದಿಸಿ ಎಲ್ಲರಿಗೂ ಒಂದೇ ತರದ ಲಂಗ ಹೊಲಿಸಿದ್ದರು. ಹಿಟ್ಟಿನ ಚೀಲ ತೊಟ್ಟ ಹಾಗೆ ಕಾಣುತ್ತಿದ್ದೆವು. "ಇದರ ಮೇಲೆ ಬಣ್ಣದ ಬಟ್ಟೆಯ ತೋರಣ ನಿಮ್ಮ ನಿಮ್ಮ ಮನೆಯಲ್ಲೇ ಹೊಲಿಸಿಕೊಂಡು ಬನ್ನಿ" ಎಂದರು. ತೋರಣವೆಂದರೆ ಬಟ್ಟೆಯನ್ನು ನೆರಿಗೆ ಹಿಡಿದು ಸೊಂಟದ ಸುತ್ತ ಅಲ್ಲಲ್ಲಿ ಲಂಗಕ್ಕೆ ಸೇರಿಸಿ ಹೊಲಿದು, ನಡುನಡುವೆ ಬಾಗಿ ಜೋಲುವಂತೆ ಬಿಡುವುದು. ಕುಣಿದಾಗ ಅದು ತೂಗಬೇಕು, ಕೋಲಿಗೆ ಸಿಕ್ಕಬಾರದು.

ಅವ್ವ ಪೆಟ್ಟಿಗೆಯಿಂದ ತನ್ನ ಧಾರೆ ಸೀರೆಯನ್ನೇ ತೆಗೆದಳು. ಕೊಳ್ಳೇಗಾಲದ ರೇಷ್ಮೆ, ಕೆಂಪು ಒಡಲು, ಹಸಿರು ಅಂಚು. ನಡುಮನೆಯಲ್ಲಿ ಹರಡಿಕೊಂಡು ಕತ್ತರಿ ಹಾಕಿಯೇಬಿಟ್ಟಳು. ಹಿತ್ತಲಿನಿಂದ ಒಳಗೆ ಬಂದ ಅಜ್ಜಿ ಅದನ್ನು ನೋಡಿ ಎದೆ ಎದೆ ಬಡಿದುಕೊಂಡಳು.

"ಅಯ್ಯೋ, ನಿನ್ ಕೈ ಸೇದೋಗ! ನನ್ ಮಗ ತಂದಿದ್ದ ಸೀರೆ ಕಣೇ ಅದು! ಈ ಮನೇದು!"

"ಈ ಮನೇಲೇ ಇರ್ತದೆ ಕಣತ್ತೆ" ಅಂದಳು ಅವ್ವ, ತಲೆಯೆತ್ತದೆ. "ನಾನೇನ್ ಒತ್ಕೊಂಡ್ ಓಯ್ತೀನಾ? ಈ ಮನೆ ಮಗೀನ ಲಂಗಕ್ಕೆ ಒಲೀತಾವ್ನಿ. ಮಗೀನೂ ಬುಟ್ಟೋಯ್ತೀನಿ, ಸೀರೇನೂ ಬುಟ್ಟೋಯ್ತೀನಿ."

ಅಜ್ಜಿ ಅಲ್ಲೇ ಕುಸಿದು ಕೂತು, ಮುಖಕ್ಕೆ ಸೆರಗು ಮುಚ್ಚಿಕೊಂಡು ಸತ್ತ ಮಗನನ್ನು ಕರೆದು ಕರೆದು ಅತ್ತಳು. ಅವ್ವ ಹೊಲಿಯುತ್ತಲೇ ಅತ್ತಳು. ಇಬ್ಬರೂ ಕಳಕೊಂಡದ್ದು ಒಬ್ಬನನ್ನೇ. ಒಬ್ಬರನ್ನೊಬ್ಬರು ತಬ್ಬಿಕೊಂಡು ಅಳಬಹುದಿತ್ತು, ಆ ಬುದ್ಧಿ ಇಬ್ಬರಿಗೂ ಇರಲಿಲ್ಲ.

ಆಮೇಲೆ ದಿನಾ ಮಧ್ಯಾಹ್ನ ಅವ್ವ ನನ್ನನ್ನು ಎದುರಿಗೆ ನಿಲ್ಲಿಸಿಕೊಂಡು ನೆರಿಗೆ ಕೂರಿಸುತ್ತಿದ್ದಳು. ಹಸಿರು ಅಂಚು ಜೋಲಿನ ತಳಕ್ಕೆ ಬರಬೇಕು, ಜರಿಯ ಸೆರಗು ಮುಂದಕ್ಕೆ ಬರಬೇಕು. "ಒಟ್ಟೆ ಒಳೀಕ್ ಎಳ್ಕೊಬ್ಯಾಡ ಕಣಮ್ಮ, ಉಸ್ರು ಬುಡು" ಅನ್ನುವಳು. "ಈಗ ಕುಣಿ, ನೋಡನ" ಅನ್ನುವಳು. ನಾನು ಕುಣಿದರೆ ಅವಳ ಕಣ್ಣು ತೋರಣದ ಮೇಲೆ ಇರುತ್ತಿರಲಿಲ್ಲ, ನನ್ನ ಮುಖದ ಮೇಲೆ ಇರುತ್ತಿತ್ತು. ಆದರೂ ಎಲ್ಲೋ ಒಂದು ನೆರಿಗೆ ಸರಿಯಿಲ್ಲವೆಂದು ಬಿಚ್ಚಿ ಮತ್ತೆ ಹೊಲಿಯುತ್ತಿದ್ದಳು.

"ನೀನೂ ಬತ್ತೀಯ ಅಲ್ವೇನವ್ವ, ಮಳವಳ್ಳೀಗೆ?" ಅಂತ ಕೇಳಿದೆ.

"ಎಲ್ಲಿದ್ರೂ ಬತ್ತೀನಿ ಕಣಮ್ಮ."

"ಅಲ್ಲಿ ನಿನ್ನ ಅವ್ವ ಅನ್ಬೌದಾ?"

ಅವ್ವ ಹಲ್ಲಿನಲ್ಲಿ ದಾರ ಕಡಿದು, ಸೂಜಿಗೆ ಮತ್ತೆ ದಾರ ಪೋಣಿಸುತ್ತಾ ಕೂತಳು. ಕಣ್ಣು ಮಂಜಾಗಿ ದಾರ ಹೋಗಲೇ ಇಲ್ಲ, ಕೊನೆಗೆ ನಾನೇ ಪೋಣಿಸಿಕೊಟ್ಟೆ.

ವರ್ಧಂತಿಗೆ ಮುಂಚೆಯೇ ಒಂದು ಮುಸ್ಸಂಜೆ ದುದ್ದದವರು ಬಂದರು. ನಾನು ನೋಡಬಾರದೆಂದು ಪಕ್ಕದ ಮನೆಗೆ ಕಳಿಸಿದ್ದರು. ಆ ಮನೆಯವರು ಕೈಗೆ ಬೆಲ್ಲ ಕೊಟ್ಟು ಕೂರಿಸಿಕೊಂಡರು. ನಾನು ತಿರುಗಿ ಬರುವಷ್ಟರಲ್ಲಿ ಅವ್ವ ಅವರು ತಂದ ಹಳದಿ ಸೀರೆ ಉಟ್ಟು ಹೋಗಿಯಾಗಿತ್ತು. ಲಂಗ ಗೂಟದಲ್ಲಿ ತೂಗುತ್ತಿತ್ತು.

ಮಳವಳ್ಳಿಗೆ ನನ್ನನ್ನು ಕರೆದುಕೊಂಡು ಹೋದವಳು ಅಜ್ಜಿ. ಗಾಡಿಯಿಂದ ಇಳಿಯುವಾಗ ತೋರಣ ಗೂಟಕ್ಕೆ ಸಿಕ್ಕಿ ಒಂದು ಕಡೆ ಕಿತ್ತುಬಂದು ಮಂಡಿಯ ಕೆಳಗೆ ಜೋತುಬಿತ್ತು. ಟೀಚರಮ್ಮ ನೋಡಿ ಹಣೆ ಚಚ್ಚಿಕೊಂಡರು. ಸಾಲು ಹೊರಡುವ ಹೊತ್ತು. ಅಜ್ಜಿಗೆ ಕಣ್ಣು ಮಂದ, ಹೊಲಿಗೆ ಬಾರದು. ನಾನು ಅಳುವುದಕ್ಕೆ ಶುರು ಮಾಡಿದೆ.

ಅಷ್ಟರಲ್ಲಿ ಗುಂಪಿನಿಂದ ಹಳದಿ ಸೀರೆಯ ಹೆಂಗಸೊಬ್ಬಳು ಬಂದು ನನ್ನ ಮುಂದೆ ಮಂಡಿಯೂರಿದಳು. ಅವ್ವ. ರವಿಕೆಗೆ ಸಿಕ್ಕಿಸಿದ್ದ ಸೂಜಿ ತೆಗೆದು, ದಾರ ಸಾಲದೆ ಉಟ್ಟ ಸೀರೆಯ ಸೆರಗಿನಿಂದಲೇ ಒಂದು ಎಳೆ ಎಳೆದು ಹೊಲಿಯತೊಡಗಿದಳು. ಮೈಮೇಲಿರುವ ಬಟ್ಟೆ ಹೊಲಿಯಬಾರದು ಅನ್ನುತ್ತಾರೆ. ಅವತ್ತು ಅದನ್ನೆಲ್ಲ ನೋಡುವವರಾರು? ಅವಳ ಕೈ ಸೊಂಟಕ್ಕೆ ತಗುಲಿದ್ದಕ್ಕೇ ನನ್ನ ಅಳು ನಿಂತಿತು. ಬಂದಳಲ್ಲ ಅನ್ನುವ ಸಂತೋಷಕ್ಕೆ ಅವಳ ಹೆಗಲು ಹಿಡಿದುಕೊಂಡು ನಿಂತೆ.

"ಎಷ್ಟು ಅಚ್ಚುಕಟ್ಟು ಕೈಯಮ್ಮ ನಿಮ್ಮದು" ಅಂದರು ಟೀಚರಮ್ಮ. "ಈ ಹುಡುಗಿಯ ತಾಯಿಯೇ?"

ಅಜ್ಜಿ ಪಕ್ಕದಲ್ಲೇ ನಿಂತಿದ್ದಳು. ನಾನು ಅವ್ವನ ಮುಖವನ್ನೇ ನೋಡಿದೆ. ಊಂ ಅನ್ನವ್ವ, ಒಂದೇ ಒಂದು ಸಲ ಊಂ ಅಂದುಬಿಡು ಅಂತ ಒಳಗೊಳಗೇ ಬೇಡಿಕೊಂಡೆ.

"ಅಲ್ಲ ಕಣವ್ವ" ಅಂದಳು ಅವ್ವ. "ನಾನು ಲಂಗ ಒಲ್ದೋಳು."

ತೋರಣವನ್ನು ಅಂಗೈಯಿಂದ ಸವರಿ ಸರಿಮಾಡಿ, ಎದ್ದು, ಬಂದ ದಾರಿಯಲ್ಲೇ ಜನರ ನಡುವೆ ಹೊರಟಳು. ನನ್ನ ಮುಖ ಹೇಗಾಗಿತ್ತೋ ನನಗೆ ಗೊತ್ತಿಲ್ಲ. ಅಜ್ಜಿ ಅದನ್ನು ನೋಡಿದಳು. ನೋಡಿದವಳೇ ಟೀಚರಮ್ಮನ ಕೈ ಹಿಡಿದುಕೊಂಡಳು.

"ಸುಳ್ಳು ಕಣವ್ವ, ಸುಳ್ಳು! ಅವ್ಳೇ ಇದ್ನ ಎತ್ತೋಳು. ಪಾಪಿ ಮುಂಡೆ ನಾನು, ಅವ್ಳ ಬಾಯ್ ಕಟ್ಟಾಕ್ಬುಟ್ಟಿವ್ನಿ." ಆಮೇಲೆ ನನ್ನ ಬೆನ್ನಿಗೆ ಕೈಹಾಕಿ ಮುಂದಕ್ಕೆ ನೂಕಿದಳು. "ಕೂಗಮ್ಮ, ನಿಮ್ಮವ್ವುನ್ನ ಕೂಗು. ನಾನ್ ಏಳ್ತಾವ್ನಿ, ಕೂಗು!"

ನಾನು ಇದ್ದ ಉಸಿರನ್ನೆಲ್ಲ ಕೂಡಿಸಿ "ಅವ್ವಾ" ಅಂತ ಕೂಗಿದೆ. ಆ ಬಯಲಿನಲ್ಲಿದ್ದ ಹೆಂಗಸರೆಲ್ಲ, ಮಕ್ಕಳನ್ನು ಕಂಕುಳಲ್ಲಿ ಎತ್ತಿಕೊಂಡವರು, ಕೈಹಿಡಿದುಕೊಂಡವರು, ತಿರುಗಿ ನೋಡಿದರು. ಮಂಡ್ಯದ ಬಸ್ಸು ನಿಲ್ಲುವ ಕಡೆಗೆ ನಡೆಯುತ್ತಿದ್ದ ಹಳದಿ ಸೀರೆಯವಳೊಬ್ಬಳು ಮಾತ್ರ ತಿರುಗಲಿಲ್ಲ.